ಮಾಡ್ಯುಲರ್ ಸಿಂಥ್‌ನ ಡ್ರಮ್ ಕೈಕೊಟ್ಟಾಗ: ಟ್ರಿಗರ್‌ನಿಂದ ಸ್ಪೀಕರ್‌ವರೆಗೆ ದೋಷ ಹುಡುಕುವ ಬಗೆ

ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಸದ್ದು ಹುಟ್ಟಿಸುವ ಮಾಡ್ಯುಲರ್ ಸಿಂಥ್‌ನಲ್ಲಿ ಕಿಕ್ ಬೇಕಿತ್ತು, ಬಂದದ್ದು ಬರೀ ‘ಟಿಕ್’. ಸ್ನೇರ್ ಬೇಕಿತ್ತು, ಬಂದದ್ದು ‘ಹಿಸ್ಸ್’. ಕೇಬಲ್‌ಗಳೆಲ್ಲ ಸರಿಯಾಗೇ ಇವೆ, ದೀಪಗಳೂ ಮಿನುಗುತ್ತಿವೆ. ಇಂಥ ಹೊತ್ತಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಅಲೆ ಹುಟ್ಟಿಸುವ ಆಸಿಲೇಟರ್ ಕಡೆಗೆ. ಅಲೆಯ ಆಕಾರ ಬದಲಿಸುತ್ತಾರೆ, ಫಿಲ್ಟರ್ ತಿರುಗಿಸುತ್ತಾರೆ, ಕೊನೆಗೆ ಹೊಸ ಮಾಡ್ಯೂಲ್ ಬೇಕೇನೋ ಅಂತ ಯೋಚಿಸುತ್ತಾರೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ.

ದೋಷ ಆಸಿಲೇಟರ್‌ನಲ್ಲಿ ಇರುವುದು ಅಪರೂಪ. ಡ್ರಮ್ ಸದ್ದು ಬಹುಪಾಲು ಸಮಯದ ಆಟ. ಯಾವ ವೋಲ್ಟೇಜ್ ಎಷ್ಟು ಎತ್ತರಕ್ಕೆ ಏರಿತು, ಎಷ್ಟು ಮಿಲಿಸೆಕೆಂಡ್ ನಿಂತಿತು, ಎಷ್ಟು ಬೇಗ ಇಳಿಯಿತು ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಕಿವಿಗೆ ‘ಸದ್ದು ಕೆಟ್ಟಿದೆ’ ಅನ್ನಿಸಿದರೂ ಕೆಟ್ಟಿರುವುದು ಸಾಮಾನ್ಯವಾಗಿ ಟ್ರಿಗರ್ (ಹೊಡೆ ಅಂತ ಹೇಳುವ ಚಿಕ್ಕ ವೋಲ್ಟೇಜ್ ಪಲ್ಸ್) ಅಥವಾ ಎನ್ವಲಪ್ (ಆ ಪಲ್ಸ್‌ಗೆ ಏರಿ ಇಳಿಯುವ ವೋಲ್ಟೇಜ್). ಹಾಗಾಗಿ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಇಲ್ಲಿನ ಅಂಕಿಗಳು ಯೂರೋರ್ಯಾಕ್‌ಗೆ ಹೊಂದುವಂಥವು. 1990ರ ದಶಕದ ನಡುವೆ ಡೋಪ್ಫರ್ ಕಂಪನಿಯ ಎ-100 ಸಿಂಥ್ ಜೊತೆ ಬಂದ ಮಾಡ್ಯೂಲ್ ಮಾದರಿ ಅದು: ಪ್ಲಸ್ ಮತ್ತು ಮೈನಸ್ 12 ವೋಲ್ಟ್ ಪವರ್, 3.5 ಮಿಲಿಮೀಟರ್ ಜ್ಯಾಕ್, ಒಂದು ಆಕ್ಟೇವ್‌ಗೆ ಒಂದು ವೋಲ್ಟ್. ನಿಮ್ಮದು ಬೇರೆ ಫಾರ್ಮ್ಯಾಟ್ ಆದರೆ ಅಂಕಿ ಬದಲಾದೀತು, ಹುಡುಕುವ ದಾರಿ ಬದಲಾಗುವುದಿಲ್ಲ.

ಪ್ಯಾಚನ್ನು ಮಧ್ಯಕ್ಕೆ ಕತ್ತರಿಸಿ

ಒಂದು ಸಾದಾ ಡ್ರಮ್ ಪ್ಯಾಚ್‌ನಲ್ಲಿ (ಕೇಬಲ್ ಜೋಡಣೆಯಲ್ಲಿ) ಎರಡು ಸಾಲುಗಳಿರುತ್ತವೆ. ಒಂದು ಸದ್ದಿನ ಸಾಲು: ಆಸಿಲೇಟರ್ ಅಥವಾ ನಾಯ್ಸ್, ಅಲ್ಲಿಂದ ವಿಸಿಎ (ವೋಲ್ಟೇಜ್‌ಗೆ ತಕ್ಕಂತೆ ಸದ್ದಿನ ಮಟ್ಟ ಏರಿಸಿ ಇಳಿಸುವ ಮಾಡ್ಯೂಲ್), ಅಲ್ಲಿಂದ ಮಿಕ್ಸರ್. ಇನ್ನೊಂದು ಕಂಟ್ರೋಲ್ ಸಾಲು: ಸೀಕ್ವೆನ್ಸರ್ (ತಾಳಕ್ಕೆ ತಕ್ಕಂತೆ ಟ್ರಿಗರ್ ಕಳಿಸುವುದು), ಅಲ್ಲಿಂದ ಎನ್ವಲಪ್, ಅಲ್ಲಿಂದ ವಿಸಿಎ ಮತ್ತು ಪಿಚ್. ಎರಡೂ ಸೇರುವ ಜಾಗ ವಿಸಿಎ. ಕತ್ತರಿಸಬೇಕಾದದ್ದೂ ಅಲ್ಲೇ.

ವಾಲ್ಯೂಮ್ ತಗ್ಗಿಸಿ, ವಿಸಿಎಯನ್ನು ಬಿಟ್ಟು ಆಸಿಲೇಟರ್‌ನಿಂದ ನೇರ ಮಿಕ್ಸರ್‌ಗೆ ಕೇಬಲ್ ಹಾಕಿ. ನಿಲ್ಲದೆ ಗುಂಯ್ ಅಂದರೆ ಆಸಿಲೇಟರ್ ಮತ್ತು ಮಿಕ್ಸರ್ ಚೆನ್ನಾಗಿವೆ. ಈಗ ವಿಸಿಎಯನ್ನು ವಾಪಸ್ ಸೇರಿಸಿ, ಎನ್ವಲಪ್ ಕೇಬಲ್ ತೆಗೆದು, ವಿಸಿಎಯ ಗೇನ್ ನಾಬನ್ನು ಕೈಯಿಂದಲೇ ತೆರೆಯಿರಿ. ಆಗಲೂ ಗುಂಯ್ ಬಂದರೆ ಸದ್ದಿನ ಸಾಲಿನಲ್ಲಿ ತೊಂದರೆಯಿಲ್ಲ. ಉಳಿದದ್ದು ಕಂಟ್ರೋಲ್ ಸಾಲು.

ಕಂಟ್ರೋಲ್ ವೋಲ್ಟೇಜ್ ಕಣ್ಣಿಗೆ ಕಾಣುವುದಿಲ್ಲ, ಆಸಿಲೋಸ್ಕೋಪ್ ಎಲ್ಲರ ಹತ್ತಿರ ಇರುವುದಿಲ್ಲ. ಆದರೆ ಅದನ್ನು ಕೇಳಿಸಿಕೊಳ್ಳಬಹುದು. ಗುಂಯ್ ಅನ್ನುತ್ತಿರುವ ಆಸಿಲೇಟರ್‌ನ ಪಿಚ್‌ಗೆ ಎನ್ವಲಪ್ ಕೊಡಿ. ಸ್ವರ ಏರುವ ಇಳಿಯುವ ರೀತಿಯೇ ಎನ್ವಲಪ್‌ನ ಆಕಾರ. ಕೊನೆಯಲ್ಲಿ ಸ್ವರ ಪೂರ್ತಿ ಕೆಳಗೆ ಬಂದು ನಿಲ್ಲದೆ ಸ್ವಲ್ಪ ಮೇಲೆಯೇ ಉಳಿದರೆ ಎನ್ವಲಪ್ ಸೊನ್ನೆಗೆ ಇಳಿಯುತ್ತಿಲ್ಲ ಅಂತ ಅರ್ಥ.

ಟ್ರಿಗರ್ ಅಂತೂ ನೇರವಾಗಿಯೇ ಕೇಳುತ್ತದೆ. ವಾಲ್ಯೂಮ್ ತೀರಾ ಕಡಿಮೆ ಇಟ್ಟು ಅದನ್ನು ಮಿಕ್ಸರ್‌ಗೆ ಹಾಕಿ. ಒಂದೆರಡು ಮಿಲಿಸೆಕೆಂಡಿನ ಟ್ರಿಗರ್ ಒಂದೇ ‘ಟಿಕ್’ ಅನ್ನುತ್ತದೆ. ಉದ್ದದ ಗೇಟ್ (ಹೆಚ್ಚು ಹೊತ್ತು ಮೇಲೆಯೇ ನಿಲ್ಲುವ ವೋಲ್ಟೇಜ್) ಎರಡು ಸಲ ಅನ್ನುತ್ತದೆ: ಏರಿದಾಗೊಂದು, ಇಳಿದಾಗೊಂದು. ಇವೆರಡರ ವ್ಯತ್ಯಾಸ ಕಿವಿಗೆ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇದಕ್ಕೂ ಮುಂಚೆ ಕೇಬಲ್ ಬದಲಿಸಿ ನೋಡಿ. ಪ್ಯಾಚ್ ಕೇಬಲ್‌ನಷ್ಟು ಸುಮ್ನೆ ಕೈಕೊಡುವ ವಸ್ತು ಇನ್ನೊಂದಿಲ್ಲ.

ಹೊಡೆತ ತಪ್ಪುತ್ತಿದೆ, ಇಲ್ಲವೇ ಬರುವುದೇ ಇಲ್ಲ

ಮೊದಲು ಟ್ರಿಗರ್‌ನ ಎತ್ತರ ನೋಡಿ. ಯೂರೋರ್ಯಾಕ್‌ನಲ್ಲಿ ಗೇಟ್ ಮತ್ತು ಟ್ರಿಗರ್ ಸಾಮಾನ್ಯವಾಗಿ 5 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಇರುತ್ತವೆ. ಹೊರಗಿನ ಸಾಧನದಿಂದ ತಂದಾಗ ಹಾಗಿರುವುದಿಲ್ಲ. ಅನೇಕ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳ ಪಿನ್ 3.3 ವೋಲ್ಟ್ ಮಾತ್ರ ಕೊಡುತ್ತದೆ, ಹೆಡ್‌ಫೋನ್ ಔಟ್‌ಪುಟ್ ಅದಕ್ಕಿಂತಲೂ ಕಡಿಮೆ. ಕೆಲವು ಎನ್ವಲಪ್‌ಗಳು ಅಷ್ಟಕ್ಕೇ ಏಳುತ್ತವೆ, ಕೆಲವು ಏಳುವುದಿಲ್ಲ. ಇನ್ನು ಕೆಲವು ಗಡಿಯಲ್ಲಿ ನಿಂತು ಒಮ್ಮೆ ಏಳುತ್ತವೆ, ಒಮ್ಮೆ ಇಲ್ಲ. ‘ಆಗಾಗ ತಪ್ಪುತ್ತದೆ’ ಅನ್ನುವ ದೂರಿಗೆ ಇದು ದೊಡ್ಡ ಕಾರಣ. ನಡುವೆ ಒಂದು ಕಂಪ್ಯಾರೇಟರ್ (ಗಡಿ ದಾಟಿದ ವೋಲ್ಟೇಜನ್ನು ಪೂರ್ತಿ ಎತ್ತರದ ಗೇಟ್ ಮಾಡುವುದು) ಅಥವಾ ಆಂಪ್ಲಿಫೈಯರ್ ಹಾಕಿದರೆ ಸರಿಹೋಗುತ್ತದೆ.

ಆಮೇಲೆ ಉದ್ದ. ಎಡಿಎಸ್‌ಆರ್ (ಅಟ್ಯಾಕ್ ಏರಿಕೆ, ಡಿಕೇ ಇಳಿಕೆ, ಸಸ್ಟೇನ್ ನಿಲುವು, ರಿಲೀಸ್ ಕೊನೆಯ ಇಳಿತ) ಎನ್ವಲಪ್ ಗೇಟ್ ಇರುವಷ್ಟು ಹೊತ್ತು ಮಾತ್ರ ಏರುತ್ತದೆ. ಅಟ್ಯಾಕ್ 10 ಮಿಲಿಸೆಕೆಂಡ್ ಇಟ್ಟು 1 ಮಿಲಿಸೆಕೆಂಡಿನ ಟ್ರಿಗರ್ ಕೊಟ್ಟರೆ ಅದು ಮೇಲೆ ಮುಟ್ಟುವ ಮೊದಲೇ ಕೆಳಗಿಳಿಯುತ್ತದೆ. ಹೊಡೆತ ಬಂದಿದೆ, ಆದರೆ ಕೇಳಿಸದಷ್ಟು ಸಣ್ಣದು. ಅಟ್ಯಾಕನ್ನು ಪೂರ್ತಿ ಸೊನ್ನೆಗೆ ತನ್ನಿ ಅಥವಾ ಅಟ್ಯಾಕ್-ಡಿಕೇ ಮಾತ್ರ ಇರುವ ಎನ್ವಲಪ್ ಬಳಸಿ. ಅದು ಒಮ್ಮೆ ಟ್ರಿಗರ್ ಸಿಕ್ಕರೆ ಸಾಕು, ತನ್ನ ಪಾಡಿಗೆ ಸುತ್ತು ಮುಗಿಸುತ್ತದೆ.

ವ್ಯಾಕ್ಟ್ರಾಲ್ ಇರುವ ಲೋ-ಪಾಸ್ ಗೇಟ್‌ನದೂ (ವಿಸಿಎ, ಫಿಲ್ಟರ್ ಎರಡೂ ಆಗುವ ಮಾಡ್ಯೂಲ್) ಇದೇ ಕಥೆ. ವ್ಯಾಕ್ಟ್ರಾಲ್ ಒಳಗಿರುವುದು ಒಂದು ಎಲ್‌ಇಡಿ, ಅದರ ಬೆಳಕಿಗೆ ಪ್ರತಿರೋಧ ಬದಲಿಸುವ ಒಂದು ಸೆಲ್. ಆ ಸೆಲ್ ಎಚ್ಚರಗೊಳ್ಳಲು ಕೆಲವು ಮಿಲಿಸೆಕೆಂಡ್ ಬೇಕು, ಮಲಗಲು ಅದಕ್ಕಿಂತ ತುಂಬ ಜಾಸ್ತಿ ಹೊತ್ತು. ಬುಕ್ಲಾ ಸಿಂಥ್‌ಗಳಿಂದ ಹೆಸರಾದ ಬಾಂಗೋದಂಥ ‘ಟೊಂಕ್’ ಸದ್ದು ಬರುವುದೇ ಈ ನಿಧಾನದ ಇಳಿತದಿಂದ. ಆದರೆ ತೀರಾ ಚಿಕ್ಕ ಟ್ರಿಗರ್ ಕೊಟ್ಟರೆ ಸೆಲ್ ಎದ್ದೇಳುವ ಮುಂಚೆಯೇ ಬೆಳಕು ಹೋಗಿರುತ್ತದೆ. ಟ್ರಿಗರನ್ನು 10-20 ಮಿಲಿಸೆಕೆಂಡಿಗೆ ಹಿಗ್ಗಿಸಿ ನೋಡಿ. ಸತ್ತಿದೆ ಅಂದುಕೊಂಡ ಗೇಟ್ ಎದ್ದು ಕೂರುತ್ತದೆ.

ಮೂರನೆಯದು ತುಂಬ ಜನರನ್ನು ಸುತ್ತಾಡಿಸುವಂಥದ್ದು. ಸೀಕ್ವೆನ್ಸರ್‌ನಲ್ಲಿ ಅಕ್ಕಪಕ್ಕ ನಾಲ್ಕು ಸ್ಟೆಪ್ ಆನ್ ಮಾಡಿದ್ದೀರಿ, ಮೊದಲನೆಯದು ಮಾತ್ರ ಕೇಳುತ್ತದೆ. ಏಕೆಂದರೆ ಗೇಟ್ ಉದ್ದ ಪೂರ್ತಿ 100 ಪ್ರತಿಶತ ಇದೆ. ನಾಲ್ಕೂ ಗೇಟ್ ಅಂಟಿಕೊಂಡು ಒಂದೇ ಉದ್ದದ ಗೇಟ್ ಆಗಿದೆ. ಎನ್ವಲಪ್ ಕಾಯುವುದು ಏರಿಕೆಗಾಗಿ. ಇಲ್ಲಿ ಒಂದೇ ಏರಿಕೆ ಇದೆ, ಅಲ್ವಾ? ಗೇಟ್ ಉದ್ದವನ್ನು ಅರ್ಧಕ್ಕೆ ಇಳಿಸಿ. ಆ ಸೌಲಭ್ಯ ಇಲ್ಲದಿದ್ದರೆ ಸೀಕ್ವೆನ್ಸರ್‌ನ ಗೇಟ್ ಮತ್ತು ಕ್ಲಾಕ್ ಎರಡನ್ನೂ ಒಂದು ಆ್ಯಂಡ್ ಲಾಜಿಕ್‌ಗೆ (ಎರಡೂ ಮೇಲಿದ್ದಾಗ ಮಾತ್ರ ಮೇಲೇರುವುದು) ಕೊಡಿ. ಪ್ರತಿ ಸ್ಟೆಪ್‌ಗೂ ಹೊಸ ಏರಿಕೆ ಸಿಗುತ್ತದೆ.

ವೇಗದ ರೋಲ್‌ಗಳಲ್ಲಿ ಮಾತ್ರ ಹೊಡೆತ ತಪ್ಪುತ್ತಿದ್ದರೆ ಎನ್ವಲಪ್‌ನ ಸ್ವಭಾವ ನೋಡಿ. ಮೇಕ್ ನಾಯ್ಸ್ ಕಂಪನಿಯ ಮ್ಯಾಥ್ಸ್‌ನಂಥ ಫಂಕ್ಷನ್ ಜನರೇಟರ್ ಏರುತ್ತಿರುವಾಗ ಬಂದ ಟ್ರಿಗರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಳಿಯುವಾಗ ಬಂದದ್ದಕ್ಕೆ ಮಾತ್ರ ಹೊಸದಾಗಿ ಶುರುಮಾಡುತ್ತದೆ. ಇದು ದೋಷವಲ್ಲ, ಗೇಟ್ ಭಾಗಿಸಲು ಬೇಕೆಂದೇ ಬಳಸುವ ಗುಣ. ಏರುವ ಸಮಯ ಕಡಿಮೆ ಮಾಡಿದರೆ ಹೊಡೆತಗಳು ವಾಪಸ್ ಬರುತ್ತವೆ.

ಹಳೆಯ ಮೂಗ್ ಯಂತ್ರ ಅಥವಾ ಕಾರ್ಗ್ ಎಂಎಸ್-20 ಜೊತೆ ಸೇರಿಸಿದ್ದರೆ ಇನ್ನೊಂದು ಸಾಧ್ಯತೆ ಇದೆ. ಅವು ಬಳಸುವುದು ಎಸ್-ಟ್ರಿಗರ್. ಅಲ್ಲಿ ವೋಲ್ಟೇಜ್ ಏರುವುದಲ್ಲ, ತಂತಿ ಗ್ರೌಂಡ್‌ಗೆ ಸೇರುವುದೇ ಹೊಡೆತ. ನೇರ ಸೇರಿಸಿದರೆ ಹೊಡೆತ ಬರುವುದೇ ಇಲ್ಲ ಅಥವಾ ಗೇಟ್ ಮುಗಿದ ಮೇಲೆ ತಡವಾಗಿ ಬರುತ್ತದೆ. ಇದಕ್ಕೆ ಕನ್ವರ್ಟರ್ ಬೇಕು, ನಾಬ್ ತಿರುಗಿಸಿ ಪ್ರಯೋಜನವಿಲ್ಲ.

ಒಂದಕ್ಕೆ ಎರಡು ಹೊಡೆತ

ನಿಧಾನವಾಗಿ ಏರುವ ಸೈನ್ ಎಲ್‌ಎಫ್‌ಒವನ್ನು (ನಿಧಾನವಾಗಿ ಓಡುವ ಆಸಿಲೇಟರ್) ಟ್ರಿಗರ್ ಆಗಿ ಬಳಸಿದರೆ ಇದು ಆಗಬಹುದು. ಗಡಿ ದಾಟುವ ಆ ಗಳಿಗೆಯಲ್ಲಿ ಸ್ವಲ್ಪ ಗದ್ದಲ ಸೇರಿದ್ದರೂ ವೋಲ್ಟೇಜ್ ಮೇಲೆ ಕೆಳಗೆ ಎರಡು ಮೂರು ಸಲ ದಾಟುತ್ತದೆ. ಸ್ಕ್ವೇರ್ ಔಟ್‌ಪುಟ್ ಬಳಸಿ, ಮುಗಿಯಿತು. ಪಿಂಗ್ ಮಾಡುವ, ಅಂದರೆ ಟ್ರಿಗರ್‌ನಿಂದ ಹೊಡೆದು ಕಂಪಿಸುವ, ಫಿಲ್ಟರ್‌ನಲ್ಲಿ ಎರಡು ಹೊಡೆತ ಬಂದರೆ ಕಾರಣ ಬೇರೆ, ಅದು ಮುಂದೆ ಬರುತ್ತದೆ.

ಕಿಕ್ ಕಿಕ್‌ನಂತಿಲ್ಲ

ಹೆಚ್ಚು ಹೊತ್ತು ತಿನ್ನುವುದು ಇದೇ.

ಕಿಕ್ ಮಾಡಲು ಎರಡು ದಾರಿಗಳಿವೆ, ಅವು ರೋಲ್ಯಾಂಡ್‌ನ ಎರಡು ಯಂತ್ರಗಳಲ್ಲೇ ಕಾಣುತ್ತವೆ. 1980ರ ಟಿಆರ್-808ರಲ್ಲಿ ಬ್ರಿಡ್ಜ್ಡ್-ಟಿ ಸರ್ಕ್ಯೂಟ್ ಒಂದಕ್ಕೆ ಪಲ್ಸ್ ಹೊಡೆದು ಅದು ತಾನಾಗಿ ಕಂಪಿಸುತ್ತಾ ಆರುವಂತೆ ಮಾಡಿದ್ದಾರೆ. 1983ರ ಟಿಆರ್-909ರಲ್ಲಿ ಆಸಿಲೇಟರ್‌ನ ಪಿಚ್ ಮೇಲಿಂದ ಜಾರಿ ಕೆಳಗೆ ಬರುತ್ತದೆ. ನೀವು ಯಾವ ದಾರಿಯಲ್ಲಿದ್ದೀರಿ ಅನ್ನುವುದು ಮೊದಲು ಗೊತ್ತಿರಲಿ, ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲು ಎರಡನೇ ದಾರಿ ನೋಡೋಣ.

‘ಪ್ಯೂಂ’ ಅಂತ ಲೇಸರ್ ಗನ್ ಹಾಗೆ ಕೇಳಿದರೆ ಪಿಚ್ ಎನ್ವಲಪ್ ಜಾಸ್ತಿಯಾಗಿದೆ. ಲೆಕ್ಕ ಹಾಕಿ ನೋಡಿ. ಆಸಿಲೇಟರ್ 50 ಹರ್ಟ್ಜ್‌ನಲ್ಲಿದೆ. 8 ವೋಲ್ಟ್ ಎನ್ವಲಪ್ಪನ್ನು ಅಟೆನ್ಯುಯೇಟರ್ (ಮಟ್ಟ ತಗ್ಗಿಸುವ ನಾಬ್) ಇಲ್ಲದೆ ವೋಲ್ಟ್-ಪರ್-ಆಕ್ಟೇವ್ ಜ್ಯಾಕ್‌ಗೆ ಕೊಟ್ಟರೆ ಪಿಚ್ 8 ಆಕ್ಟೇವ್ ಮೇಲೇರಿ 12,800 ಹರ್ಟ್ಜ್‌ನಿಂದ ಜಾರುತ್ತದೆ. ಕಿಕ್‌ಗೆ ಬೇಕಾದದ್ದು ಎರಡರಿಂದ ಮೂರು ಆಕ್ಟೇವ್, ಅಂದರೆ 200 ಅಥವಾ 400 ಹರ್ಟ್ಜ್‌ನಿಂದ 50ಕ್ಕೆ. ಅಟೆನ್ಯುಯೇಟರ್ ಇರುವ ಎಫ್‌ಎಂ (ಪಿಚ್ ಬದಲಿಸುವ) ಇನ್‌ಪುಟ್ ಬಳಸಿ, ನಾಬನ್ನು ಸೊನ್ನೆಯಿಂದ ಮೇಲೆ ತನ್ನಿ. ಮೇಲಿಂದ ಕೆಳಗೆ ತಂದರೆ ಕಿವಿ ಮೋಸ ಹೋಗುತ್ತದೆ, ಬೇಕಾದ್ದಕ್ಕಿಂತ ಮೊದಲೇ ನಿಲ್ಲಿಸುತ್ತೀರಿ.

ಪಿಚ್ ಇಳಿಯುವ ವೇಗವೂ ಅಷ್ಟೇ ಮುಖ್ಯ. 30ರಿಂದ 80 ಮಿಲಿಸೆಕೆಂಡ್ ಒಳಗೆ ಇಳಿದರೆ ಕಿವಿ ಅದನ್ನು ಹೊಡೆತದ ಪೆಟ್ಟು ಅಂತ ಕೇಳುತ್ತದೆ. 200 ದಾಟಿದರೆ ಜಾರುವ ಸ್ವರ ಅಂತಲೇ ಕೇಳುತ್ತದೆ, ಆಗ ಅದು ಟಾಮ್ ಆಗುತ್ತದೆ. ತೀರಾ ಚಿಕ್ಕದಾದರೆ ಉಳಿಯುವುದು ‘ಟಿಕ್’ ಒಂದೇ. ವಿಸಿಎಗೂ ಪಿಚ್‌ಗೂ ಒಂದೇ ಎನ್ವಲಪ್ ಹಂಚಿದ್ದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ: ಬಾಲ ಉದ್ದ ಮಾಡಿದರೆ ಪಿಚ್ ಜಾರುತ್ತದೆ, ಪಿಚ್ ಬಿಗಿ ಮಾಡಿದರೆ ಬಾಲ ಹೋಗುತ್ತದೆ. ಎರಡು ಎನ್ವಲಪ್ ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದೇ ಇದ್ದರೆ ಅದನ್ನು ಪಿಚ್‌ಗೆ ಕೊಟ್ಟು, ಸದ್ದನ್ನು ವ್ಯಾಕ್ಟ್ರಾಲ್ ಗೇಟ್ ಮೂಲಕ ಕಳಿಸಿ, ಗೇಟನ್ನು ಟ್ರಿಗರ್‌ನಿಂದಲೇ ತೆರೆಯಿರಿ.

ಇನ್ನೊಂದು ದೂರು: ಒಂದೊಂದು ಹೊಡೆತ ಒಂದೊಂದು ಥರ. ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗೆ, ಒಮ್ಮೆ ಶುರುವಿನಲ್ಲಿ ‘ಟಪ್’. ಸೆಟ್ಟಿಂಗ್ ಏನೂ ಬದಲಾಗಿಲ್ಲ. ಆಸಿಲೇಟರ್ ಯಾವಾಗಲೂ ಓಡುತ್ತಲೇ ಇರುತ್ತದೆ, ನೀವು ಕೇಳದಿದ್ದಾಗಲೂ. 50 ಹರ್ಟ್ಜ್ ಅಲೆಯ ಒಂದು ಸುತ್ತು 20 ಮಿಲಿಸೆಕೆಂಡ್. ಟ್ರಿಗರ್ ಬಂದಾಗ ಅಲೆ ಸೊನ್ನೆಯಲ್ಲಿದ್ದರೆ ಶುರು ಮೆತ್ತಗಿರುತ್ತದೆ, ತುದಿಯಲ್ಲಿದ್ದರೆ ‘ಟಪ್’ ಅನ್ನುತ್ತದೆ. ಅದೇ ಟ್ರಿಗರನ್ನು ಆಸಿಲೇಟರ್‌ನ ಹಾರ್ಡ್ ಸಿಂಕ್ ಜ್ಯಾಕ್‌ಗೂ ಕೊಡಿ. ಆಗ ಅಲೆ ಪ್ರತಿ ಸಲ ಒಂದೇ ಜಾಗದಿಂದ ಶುರುವಾಗುತ್ತದೆ. ಆ ಜಾಗ ಸೊನ್ನೆಯೇ ಆಗಿರಬೇಕೆಂದಿಲ್ಲ, ಹಾಗಾಗಿ ‘ಟಪ್’ ಉಳಿಯಬಹುದು. ಆದರೆ ಪ್ರತಿ ಸಲ ಒಂದೇ ‘ಟಪ್’ ಇರುತ್ತದೆ, ಕಿಕ್‌ಗೆ ಅದು ಒಳ್ಳೆಯದೇ. ಬೇಡವಾದರೆ ಅಟ್ಯಾಕ್ ಒಂದೆರಡು ಮಿಲಿಸೆಕೆಂಡ್ ಏರಿಸಿ.

ಕಿಕ್‌ನ ಹೊಟ್ಟೆಯೇ ಕೇಳುತ್ತಿಲ್ಲ ಅಂತಾದರೆ ಪ್ಯಾಚ್ ಮುಟ್ಟುವ ಮೊದಲು ಹೆಡ್‌ಫೋನ್ ಹಾಕಿ. ಲ್ಯಾಪ್‌ಟಾಪ್ ಅಥವಾ ಫೋನ್‌ನ ಸ್ಪೀಕರ್‌ನಲ್ಲಿ 50 ಹರ್ಟ್ಜ್ ಅನ್ನುವುದು ಇರುವುದೇ ಇಲ್ಲ. ಹೆಡ್‌ಫೋನ್‌ನಲ್ಲಿ ಚೆನ್ನಾಗಿದ್ದರೆ ಪ್ಯಾಚ್ ಸರಿಯಿದೆ. ಚಿಕ್ಕ ಸ್ಪೀಕರ್‌ನಲ್ಲೂ ಕೇಳಬೇಕಾದರೆ ಸೈನ್ ಬದಲು ಟ್ರಯಾಂಗಲ್ ಹಾಕಿ, ಅಥವಾ ವೇವ್‌ಫೋಲ್ಡರ್‌ನಲ್ಲಿ ಅಲೆಯನ್ನು ಸ್ವಲ್ಪ ಮಡಚಿ. 150, 250 ಹರ್ಟ್ಜ್‌ನ ಮೇಲಿನ ಸ್ವರಗಳು ಸೇರಿಕೊಂಡರೆ ಕಿವಿ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ.

ರೆಕಾರ್ಡ್ ಮಾಡಿದಾಗ ಮಾತ್ರ ಒಡೆದು ಕೇಳಿದರೆ ಅದು ಮಟ್ಟದ ತೊಂದರೆ. ಮಾಡ್ಯುಲರ್ ಸದ್ದು ತುದಿಯಿಂದ ತುದಿಗೆ ಸುಮಾರು 10 ವೋಲ್ಟ್. ಸೈನ್ ಆದರೆ ಅದು ಸುಮಾರು ಪ್ಲಸ್ 13 ಡಿಬಿಯು (ಸದ್ದಿನ ವೋಲ್ಟೇಜ್ ಮಟ್ಟದ ಅಳತೆ). ಪ್ರೊ ಲೈನ್ ಮಟ್ಟ ಪ್ಲಸ್ 4. ಕಂಪ್ಯೂಟರ್‌ಗೆ ಸೇರಿಸುವ ಸಾದಾ ಆಡಿಯೋ ಇಂಟರ್ಫೇಸ್‌ಗೆ ನೇರ ಕೊಟ್ಟರೆ ಕಿಕ್‌ನ ತಲೆ ಕತ್ತರಿಸಿಹೋಗಬಹುದು. ಔಟ್‌ಪುಟ್ ಮಾಡ್ಯೂಲ್ ಇಲ್ಲದಿದ್ದರೆ ಅಟೆನ್ಯುಯೇಟರ್ ಆದರೂ ಇರಲಿ.

ಸದ್ದು ನಿಲ್ಲುತ್ತಿಲ್ಲ, ಸೋರುತ್ತಿದೆ

ಹೊಡೆತಗಳ ನಡುವೆ ಸಣ್ಣಗೆ ಗುಂಯ್ ಕೇಳುತ್ತಿದ್ದರೆ ವಿಸಿಎ ಪೂರ್ತಿ ಮುಚ್ಚಿಲ್ಲ. ಗೇನ್ ನಾಬ್ ಸೊನ್ನೆಯಲ್ಲಿದೆಯಾ ನೋಡಿ. ಎನ್ವಲಪ್ ಕೇಬಲ್ ತೆಗೆಯಿರಿ. ಗುಂಯ್ ನಿಂತರೆ ಎನ್ವಲಪ್ ಸೊನ್ನೆಗೆ ಇಳಿಯುತ್ತಿಲ್ಲ: ಸಸ್ಟೇನ್ ಎತ್ತಿಟ್ಟು ಉದ್ದದ ಗೇಟ್ ಕೊಟ್ಟಿರಬಹುದು, ಆಫ್‌ಸೆಟ್ (ಸದಾ ಇರುವ ಸ್ಥಿರ ವೋಲ್ಟೇಜ್) ಸೇರಿರಬಹುದು. ನಿಲ್ಲದಿದ್ದರೆ ವಿಸಿಎಯದೇ ಸೋರಿಕೆ. ಅದಕ್ಕೆ ಅಟೆನ್ಯುವರ್ಟರ್‌ನಿಂದ (ವೋಲ್ಟೇಜನ್ನು ತಗ್ಗಿಸಿ, ತಲೆಕೆಳಗೂ ಮಾಡಬಲ್ಲ ನಾಬ್) ಚೂರು ನೆಗೆಟಿವ್ ಆಫ್‌ಸೆಟ್ ಕೊಟ್ಟರೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ.

ಬಾಲ ಕೃತಕವಾಗಿ ಕೇಳಿದರೆ ವಕ್ರರೇಖೆ ನೋಡಿ. ಲೀನಿಯರ್ (ಸರಳರೇಖೆಯ) ಎನ್ವಲಪ್‌ಗೆ ಲೀನಿಯರ್ ವಿಸಿಎ ಸೇರಿದರೆ ಸದ್ದು ಎಳೆದುಕೊಂಡು ಬಂದು ಥಟ್ಟನೆ ಕತ್ತರಿಸಿದಂತಾಗುತ್ತದೆ. ಎರಡೂ ಎಕ್ಸ್‌ಪೊನೆನ್ಷಿಯಲ್ (ಮೊದಲು ಬೇಗ, ಆಮೇಲೆ ನಿಧಾನ ಇಳಿಯುವಂಥವು) ಆದರೆ ತೀರಾ ಮೊಟಕು. ಒಂದು ಹಾಗೆ, ಒಂದು ಹೀಗೆ ಇದ್ದರೆ ಹೆಚ್ಚಾಗಿ ಹದವಾಗಿ ಬರುತ್ತದೆ.

ಹ್ಯಾಟ್‌ನ (ತಾಳದಂಥ ಲೋಹದ ಸದ್ದು) ಜೊತೆ ‘ದುಬ್’ ಅನ್ನುವ ದಪ್ಪ ಸದ್ದು ಬರುತ್ತಿದ್ದರೆ ವಿಸಿಎಯ ಆಡಿಯೋ ಇನ್‌ಪುಟ್ ಕೇಬಲ್ ಕಿತ್ತು, ಟ್ರಿಗರ್ ಓಡಲು ಬಿಡಿ. ಏನೂ ಸದ್ದು ಬರಬಾರದು. ‘ದುಬ್’ ಬಂದರೆ ಎನ್ವಲಪ್‌ನ ವೋಲ್ಟೇಜೇ ಔಟ್‌ಪುಟ್‌ಗೆ ನುಸುಳುತ್ತಿದೆ. ಕೆಲವು ವಿಸಿಎಗಳಲ್ಲಿ ಇದಕ್ಕೊಂದು ಟ್ರಿಮ್ಮರ್ ಇರುತ್ತದೆ. ಇಲ್ಲದಿದ್ದರೆ ಹೈ-ಪಾಸ್ ಫಿಲ್ಟರನ್ನು ವಿಸಿಎಗೆ ಮುಂಚೆ ಅಲ್ಲ, ವಿಸಿಎ ಆದ ಮೇಲೆ ಹಾಕಿ. ಕಿಕ್‌ನಲ್ಲಿ ಇದೇ ನುಸುಳುವಿಕೆ ಇದ್ದರೆ ನಾನು ಬಿಟ್ಟುಬಿಡುತ್ತೇನೆ. ಅಲ್ಲಿ ಅದು ಪುಕ್ಕಟೆ ಪೆಟ್ಟು.

ಫಿಲ್ಟರ್ ಪಿಂಗ್ ಮಾಡುವಾಗ

808ರ ದಾರಿ ಇದು. ರೆಸೊನೆನ್ಸನ್ನು ಫಿಲ್ಟರ್ ತಾನಾಗಿ ಕೂಗುವ ಅಂಚಿನವರೆಗೆ ತಂದು, ಅದಕ್ಕಿಂತ ಕೂದಲೆಳೆ ಕೆಳಗೆ ನಿಲ್ಲಿಸಿ, ಆಡಿಯೋ ಇನ್‌ಪುಟ್‌ಗೆ ಟ್ರಿಗರ್ ಕೊಡುವುದು. ವಿಸಿಎ ಬೇಡ, ಎನ್ವಲಪ್ ಬೇಡ. ಹೊಡೆತದ ನಡುವೆ ಫಿಲ್ಟರ್ ಪೂರ್ತಿ ಆರಿದ್ದರೆ ಅಲೆ ಎಲ್ಲಿಂದ ಶುರುವಾಗುತ್ತದೆ ಅನ್ನುವ ತಕರಾರೂ ಇಲ್ಲ.

ಬರೀ ‘ಟಿಕ್’ ಬಂದರೆ ರೆಸೊನೆನ್ಸ್ ಕಡಿಮೆ. ನಿಲ್ಲದೆ ಕೂಗಿದರೆ ಜಾಸ್ತಿ. ಬಾಲದ ಉದ್ದ ಈ ನಾಬ್‌ನ ಅತಿ ಸಣ್ಣ ಚಲನೆಯಲ್ಲಿದೆ. ಯಂತ್ರ ಬಿಸಿಯಾಗುತ್ತಾ ಹೋದಂತೆ ಆ ಅಂಚೂ ಸರಿಯಬಹುದು. ಆನ್ ಮಾಡಿದ ಕೂಡಲೇ ಹೊಂದಿಸಬೇಡಿ, ಅರ್ಧ ಗಂಟೆ ಬಿಡಿ.

ಎರಡು ಹೊಡೆತ ಬಂದರೆ ನೀವು ಕೊಟ್ಟಿರುವುದು ಟ್ರಿಗರ್ ಅಲ್ಲ, ಗೇಟ್. ಫಿಲ್ಟರ್‌ಗೆ ಏರಿಕೆಯೂ ಒಂದು ಪೆಟ್ಟು, ಇಳಿಕೆಯೂ ಒಂದು ಪೆಟ್ಟು. 100 ಮಿಲಿಸೆಕೆಂಡ್ ಗೇಟ್ ಕೊಟ್ಟರೆ 100 ಮಿಲಿಸೆಕೆಂಡ್ ಅಂತರದಲ್ಲಿ ಎರಡು ‘ಟಣ್’ ಕೇಳುತ್ತದೆ. ಗೇಟನ್ನು ಚಿಕ್ಕದು ಮಾಡಿ.

ಸ್ನೇರ್, ಹ್ಯಾಟ್, ಕ್ಲಾಪ್

ಸ್ನೇರ್ ಆಟಿಕೆ ಪೀಪಿಯ ಹಾಗೆ ಕೇಳುತ್ತಿದ್ದರೆ ಎರಡು ಆಸಿಲೇಟರ್‌ಗಳ ಅನುಪಾತ ನೋಡಿ. ಆಕ್ಟೇವ್ ಅಥವಾ ಪಂಚಮಕ್ಕೆ ಟ್ಯೂನ್ ಮಾಡಿದರೆ ಅದು ಸ್ವರವಾಗುತ್ತದೆ, ಚರ್ಮವಾಗುವುದಿಲ್ಲ. ಸಮನಾಗಿ ಬಿಗಿದ ದುಂಡು ಚರ್ಮ ಕಂಪಿಸುವಾಗ ಮೂಲ ಸ್ವರದ ಜೊತೆ ಏಳುವುದು ಅದರ 1.59, 2.14, 2.30 ಪಟ್ಟಿನ ಸ್ವರಗಳು. ಒಂದು ಆಸಿಲೇಟರ್ 180 ಹರ್ಟ್ಜ್‌ನಲ್ಲಿದ್ದರೆ ಇನ್ನೊಂದನ್ನು 286ರ ಹತ್ತಿರ ಇಡಿ. ನಾಯ್ಸ್‌ಗೆ ಬೇರೆಯದೇ ಎನ್ವಲಪ್ ಕೊಡಿ, ಅದರ ಬಾಲ ಸ್ವರದ ಬಾಲಕ್ಕಿಂತ ಉದ್ದ ಇರಲಿ.

ಹ್ಯಾಟ್ ಬರೀ ಗಾಳಿಯಂತಿದ್ದರೆ ಅದರಲ್ಲಿ ಲೋಹ ಇಲ್ಲ. ನಾಯ್ಸ್‌ನಿಂದ ಲೋಹ ಹುಟ್ಟುವುದಿಲ್ಲ. 808ರ ಹ್ಯಾಟ್‌ನಲ್ಲಿ ಒಂದಕ್ಕೊಂದು ಹೊಂದದ ಆರು ಸ್ಕ್ವೇರ್ ಅಲೆಗಳಿವೆ. ಅದರ ಕೌಬೆಲ್‌ಗೆ ಸುಮಾರು 540 ಮತ್ತು 800 ಹರ್ಟ್ಜ್‌ನ ಎರಡೇ ಸಾಕಾಗಿವೆ. ಅಷ್ಟು ಆಸಿಲೇಟರ್ ಇಲ್ಲದಿದ್ದರೆ ಎರಡು ಸ್ಕ್ವೇರ್‌ಗಳನ್ನು ರಿಂಗ್ ಮಾಡ್ಯುಲೇಟರ್‌ಗೆ (ಎರಡು ಅಲೆಗಳನ್ನು ಗುಣಿಸುವುದು) ಕೊಟ್ಟು, ಮೇಲೆ ಹೈ-ಪಾಸ್ ಹಾಕಿ.

ಕ್ಲಾಪ್ ಒಂದೇ ಎನ್ವಲಪ್‌ನಿಂದ ಬರುವುದಿಲ್ಲ, ಎಷ್ಟು ತಿರುಗಿಸಿದರೂ. ಸುಮಾರು 10 ಮಿಲಿಸೆಕೆಂಡ್ ಅಂತರದಲ್ಲಿ ಮೂರು ಚಿಕ್ಕ ಪೆಟ್ಟು, ಆಮೇಲೊಂದು ಉದ್ದ ಬಾಲ ಬೇಕು. ಬರ್ಸ್ಟ್ ಜನರೇಟರ್ (ಒಂದು ಟ್ರಿಗರ್‌ಗೆ ಹಲವು ಕೊಡುವುದು) ಅಥವಾ ಟ್ರಿಗರ್ ಡಿಲೇ ಇದ್ದರೆ ಆಗುತ್ತದೆ.

ಎಲ್ಲವೂ ಒಟ್ಟಿಗೆ ತೊದಲಿದರೆ

ಕಿಕ್ ಹೊಡೆದಾಗಲೆಲ್ಲ ಬೇರೆ ಆಸಿಲೇಟರ್‌ನ ಸ್ವರ ಚೂರು ಅಲುಗುತ್ತದೆ, ಎಲ್‌ಇಡಿ ಬೆಳಗಿದಾಗ ಪಿಚ್ ವಾಲುತ್ತದೆ ಅಂತಾದರೆ ಪವರ್ ಸಪ್ಲೈ ಕಡೆ ನೋಡಿ. ಪ್ರತಿ ಮಾಡ್ಯೂಲ್‌ನ ಮಿಲಿಆಂಪ್ ಅಂಕಿಗಳನ್ನು ಪ್ಲಸ್ 12 ಮತ್ತು ಮೈನಸ್ 12ಕ್ಕೆ ಬೇರೆ ಬೇರೆ ಕೂಡಿಸಿ. ಸಪ್ಲೈಯ ಸಾಮರ್ಥ್ಯದ ಮುಕ್ಕಾಲು ಭಾಗ ದಾಟಿದ್ದರೆ ಅನುಮಾನಪಡಿ. ತೊಂದರೆ ಕೊಡುವ ಮಾಡ್ಯೂಲನ್ನು ಬೋರ್ಡ್‌ನ ಇನ್ನೊಂದು ತುದಿಗೆ ಸರಿಸಿ ನೋಡಿ. ರಿಬ್ಬನ್ ಕೇಬಲ್ ಮುಟ್ಟುವ ಮೊದಲು ಪವರ್ ಆಫ್ ಮಾಡಿ, ಕೆಂಪು ಗೆರೆ ಮೈನಸ್ 12ರ ಕಡೆಗಿರಲಿ. ತಿರುಗಿಸಿ ಚುಚ್ಚಿದರೆ ಮಾಡ್ಯೂಲ್ ಸುಡಬಹುದು.

ಯಾವಾಗಲೋ ಒಮ್ಮೆ ಬಂದು ಮಾಯವಾಗುವ ದೋಷಕ್ಕೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸಿ. ಟ್ರಿಗರನ್ನು ಮಲ್ಟ್‌ನಿಂದ (ಒಂದು ಸಿಗ್ನಲ್ಲನ್ನು ಹಲವು ಕಡೆ ಹಂಚುವುದು) ಒಡೆದು, ಅಟೆನ್ಯುಯೇಟರ್‌ನಲ್ಲಿ ಚೆನ್ನಾಗಿ ಇಳಿಸಿ ಎಡ ಚಾನೆಲ್‌ಗೆ ಕೊಡಿ, ಡ್ರಮ್ ಸದ್ದನ್ನು ಬಲಕ್ಕೆ. ಒಂದು ಹತ್ತು ನಿಮಿಷ ಓಡಲು ಬಿಟ್ಟು ಆಮೇಲೆ ಅಲೆಗಳನ್ನು ನೋಡಿ. ಹೊಡೆತ ತಪ್ಪಿದ ಜಾಗದಲ್ಲಿ ಎಡಗಡೆ ಗೆರೆ ಇದ್ದು ಬಲಗಡೆ ಖಾಲಿಯಿದ್ದರೆ ಎನ್ವಲಪ್‌ನಿಂದ ಮುಂದಕ್ಕೆ ಹುಡುಕಿ. ಎಡಗಡೆಯೂ ಖಾಲಿಯಿದ್ದರೆ ಸೀಕ್ವೆನ್ಸರ್ ಅಥವಾ ಅದರ ಕೇಬಲ್. ಎರಡೂ ಇದ್ದು ನಡುವಿನ ಅಂತರ ಒಂದೊಂದು ಸಲ ಒಂದೊಂದು ಥರ ಇದ್ದರೆ, ಗಡಿಯಲ್ಲಿ ತಡವರಿಸುತ್ತಿರುವ ಟ್ರಿಗರ್ ಅದು. ವೋಲ್ಟೇಜ್ ಏರಿಸಿ, ಮತ್ತೆ ಹತ್ತು ನಿಮಿಷ ರೆಕಾರ್ಡ್ ಮಾಡಿ.